ನಿನ್ನಿ ನೀವ ಅಂದಿದ್ರಿ

ನಮ್ಮ ಅಡುಗೆಮನೆಗೆ ಕಿಟಕಿ ಬಂದದ್ದು ನನ್ನ ಒಂದು ಸುಳ್ಳಿನಿಂದ. ಗೋಡೆಗೆ ಸುಣ್ಣ ಬಿದ್ದದ್ದೂ ಸುಳ್ಳಿನಿಂದಲೇ. ಮಗಳು ಹುಮನಾಬಾದಿನಲ್ಲಿ ನರ್ಸಿಂಗ್ ಓದಲು ಸೇರಿದ್ದು ಎಲ್ಲಕ್ಕಿಂತ ದೊಡ್ಡ ಸುಳ್ಳಿನಿಂದ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಕುಡಿಯುವ ಗಂಡನ ಜೊತೆ ಸಂಸಾರ ಮಾಡಿದ ಹೆಂಗಸರು ಕೇಳಿದರೆ ನಕ್ಕಾರು, ಬೈಯಲಾರರು.

ಕುಡುಕ ಎಂದ ಕೂಡಲೇ ಜನ ಚರಂಡಿ ಪಕ್ಕ ಬಿದ್ದವನನ್ನು ನೆನೆಯುತ್ತಾರೆ. ನಮ್ಮ ಮನೆಯವರು ಬೀಳುವ ಪೈಕಿ ಅಲ್ಲ. ನೆಟ್ಟಗೆ ನಡೆದು ಬರುತ್ತಿದ್ದರು. ಚಪ್ಪಲಿ ಜೋಡಿಸಿ ಇಡುತ್ತಿದ್ದರು. ರೊಟ್ಟಿ ತಿಂದು, ನಂಚಿಕೊಳ್ಳಲು ಶೇಂಗಾ ಹಿಂಡಿ ಇನ್ನಷ್ಟು ಹಾಕು ಎಂದು ಕೇಳಿ, ಪಕ್ಕದ ಮನೆಯವರ ಜೊತೆ ಮಳೆ ಬೆಳೆ ಮಾತಾಡಿ ಮಲಗುತ್ತಿದ್ದರು. ನೋಡಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಮಾತ್ರ ತಲೆಯಲ್ಲಿ ಏನೂ ಇರುತ್ತಿರಲಿಲ್ಲ. ರೊಟ್ಟಿ ತಿಂದದ್ದಿಲ್ಲ, ಹಿಂಡಿ ಕೇಳಿದ್ದಿಲ್ಲ, ಮಳೆಯಿಲ್ಲ, ಬೆಳೆಯಿಲ್ಲ.

ಬೀದರಿನ ಡಾಕ್ಟರೊಬ್ಬರು ಆಮೇಲೆ ನನಗೆ ಇದನ್ನು ಬಿಡಿಸಿ ಹೇಳಿದರು. ಇದು ಮರೆವಲ್ಲವಂತೆ. ಮರೆಯಬೇಕೆಂದರೆ ಮೊದಲು ನೆನಪು ಆಗಿರಬೇಕಲ್ಲ. ಕುಡಿತ ಒಂದು ಮಟ್ಟ ದಾಟಿದರೆ ಮೆದುಳು ನಡೆದದ್ದನ್ನು ಒಳಗೆ ಇಟ್ಟುಕೊಳ್ಳುವುದನ್ನೇ ನಿಲ್ಲಿಸುತ್ತದಂತೆ. ಮನುಷ್ಯ ಮಾತಾಡುತ್ತಾನೆ, ನಗುತ್ತಾನೆ, ಹಾಡುತ್ತಾನೆ, ಆದರೆ ಯಾವುದೂ ಒಳಗೆ ಉಳಿಯುವುದಿಲ್ಲ. ಆಮೇಲೆ ಎಷ್ಟು ಹುಡುಕಿದರೂ ಸಿಗದು.

ಇವರು ಲಾರಿ ಪೇಂಟರು. ನಮ್ಮ ಬಸವಕಲ್ಯಾಣದಲ್ಲಿ ಲಾರಿಗಳಿಗೆ ಕೊರತೆಯಿಲ್ಲ, ಹಾಗಾಗಿ ಇವರ ಕೈಗೂ ಬಿಡುವಿಲ್ಲ. ನವಿಲು, ಕಮಲ, ಆಕಳು ಕರು, ಮಾಲೀಕನ ಮಗಳ ಹೆಸರು, ಏನು ಕೇಳಿದರೂ ಬರೆಯುತ್ತಾರೆ. ಮದುವೆಯಾದ ಹೊಸದರಲ್ಲಿ ಥಿನ್ನರಿನ ವಾಸನೆ ಯಾವುದು, ಶೆರೆಯ ವಾಸನೆ ಯಾವುದು ಎಂದು ತಿಳಿಯದೆ ಸುಮ್ಮಸುಮ್ಮನೆ ಜಗಳ ತೆಗೆದದ್ದುಂಟು. ಆಮೇಲೆ ಮೂಗು ಪಳಗಿತು.

ಇವರಿಗೆ ಒಂದು ದೊಡ್ಡ ಜಂಬ. ತಾನು ಜಬಾನಿನ ಮನುಷ್ಯ, ಕೊಟ್ಟ ಮಾತಿಗೆ ತಪ್ಪದವನು ಎಂದು. ಲಾರಿ ಕಟ್ಟುವ ಕಾರ್ಖಾನೆಯಲ್ಲೂ ಹಾಗೇ ಹೆಸರು. ಅಂಥವರು ‘ನನಗೆ ನೆನಪಿಲ್ಲ’ ಎಂದು ಬಾಯಿ ಬಿಟ್ಟು ಹೇಳುವುದಾದರೂ ಹೇಗೆ? ಹೇಳುತ್ತಿರಲಿಲ್ಲ. ನನಗೆ ದಾರಿ ಸಿಕ್ಕಿದ್ದು ಅಲ್ಲೇ.

ಮೊದಲ ಸಲ ಅದು ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು, ಅಂದುಬಿಟ್ಟೆ. ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದರು. ಮೇಲೆ ನೋಡಿದರೆ ಗೋಡೆ ಕಪ್ಪಿಟ್ಟಿತ್ತು.

“ಸುಣ್ಣ ಹಚ್ಚಾಂವ ಯಾವಾಗ ಬರ್ತಾನ್ರಿ?” ಎಂದೆ.

“ಯಾವ ಸುಣ್ಣ?”

“ನಿನ್ನಿ ನೀವ ಅಂದಿದ್ರಿ. ನಾಳಿಗೇ ಹಚ್ಚಿಸ್ತೀನಿ, ಮನಿ ಬೆಳ್ಳಗ ಆಗಲಿ ಅಂದ್ರಿ.”

ಹೆಬ್ಬೆರಳ ಉಗುರಿಗೆ ಅಂಟಿದ್ದ ಒಣ ಬಣ್ಣವನ್ನು ಇನ್ನೊಂದು ಬೆರಳಿನಿಂದ ಕೆರೆಯತೊಡಗಿದರು. ಸ್ವಲ್ಪ ಹೊತ್ತು ಕೆರೆದು, “ಹಾಂ, ಅಂದಿದ್ದೆ” ಎಂದರು. ಮಧ್ಯಾಹ್ನದೊಳಗೆ ಸುಣ್ಣ ಬಂತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗಿ ನಕ್ಕೆ.

ಅಲ್ಲಿಂದ ನನ್ನ ರಾಜ್ಯಭಾರ ಶುರುವಾಯಿತು. ಆದರೆ ಆಸೆಬುರುಕಿಯಾಗಲಿಲ್ಲ. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಸುಳ್ಳು ಹೇಳಿದರೂ ಮನೆಗೆ ಬೇಕಾದದ್ದನ್ನೇ ಹೇಳುತ್ತಿದ್ದೆ. ಹೊಗೆಯಲ್ಲಿ ಕಣ್ಣುರಿಸಿಕೊಂಡು ಸಾಕಾದಾಗ, “ಕಿಟಕಿ ಇಡಸ್ತೀನಿ, ನಿನ್ನ ಕಣ್ಣು ನೋಡಾಕ ಆಗವಲ್ದು ಅಂದ್ರಿ” ಎಂದೆ. ಉಗುರು ಕೆರೆದರು, ಕಿಟಕಿ ಬಂತು. ನನ್ನ ಕಣ್ಣಿನ ಬಗ್ಗೆ ಅವರು ಎಚ್ಚರದಲ್ಲಿ ಅಂಥ ಮಾತು ಆಡಿದ್ದು ನಾನಂತೂ ಕೇಳಿಲ್ಲ. ಸುಳ್ಳಾದರೂ ನನಗೇ ಕೇಳಲು ಹಿತವಾಗಿತ್ತು.

ಮಗಳ ವಿಷಯ ಅಷ್ಟು ಸುಲಭವಿರಲಿಲ್ಲ. ಪಿಯುಸಿ ಮುಗಿದಿತ್ತು. ಓದಿದ್ದು ಸಾಕು ಎಂಬುದು ಇವರ ಹಟ. ಅವಳು ಮೂಲೆಯಲ್ಲಿ ಕೂತು ಅಳುವುದನ್ನು ನೋಡಲಾರದೆ ಒಂದು ಬೆಳಿಗ್ಗೆ ಹೇಳಿಯೇಬಿಟ್ಟೆ. “ಮಗಳ ತಲಿ ಮ್ಯಾಲ ಕೈ ಇಟ್ಟು ಅಂದ್ರಿ, ‘ನೀ ಬಿಳಿ ಕೋಟ ಹಾಕ್ಕೊಂಡು ದವಾಖಾನಿದಾಗ ಓಡ್ಯಾಡೋದು ನಾ ನೋಡಬೇಕು’ ಅಂತ.”

ಈ ಸಲ ಉಗುರು ಕೆರೆಯಲಿಲ್ಲ. ತಲೆ ಎತ್ತಿ ನನ್ನನ್ನೇ ನೋಡಿದರು. “ಹಂಗ ಅಂದೆನೇನು?”

“ಅಂದ್ರಿ.”

“ತಲಿ ಮ್ಯಾಲ ಕೈ ಇಟ್ಟು?”

“ಹೌದ್ರಿ.”

ಅದೇ ವಾರ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹುಮನಾಬಾದಿಗೆ ಹೋಗಿ ಸೇರಿಸಿ ಬಂದರು. ಅವಳು ದಿನಾ ಬಸ್ಸಿನಲ್ಲಿ ಓಡಾಡತೊಡಗಿದಳು. ಸಂಜೆ ಬಂದು ಅಪ್ಪನ ಕೈ ಹಿಡಿದು ನಾಡಿ ನೋಡುತ್ತಿದ್ದಳು. ಇವರು ಬಿಗಿದುಕೊಂಡು ಕೂರುತ್ತಿದ್ದರು, ಒಳಗೊಳಗೆ ಖುಷಿ.

ಹೀಗಿರುವಾಗ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಎಲ್ಲರೂ ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ಎಡೆಯನ್ನು ಹೊಲದ ಸುತ್ತ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣಬೇಕು. ನಮಗೆ ಹೊಲವಿಲ್ಲ. ಹಾಗಾಗಿ ಪ್ರತಿ ವರ್ಷ ಘಾಟಬೋರಾಳದಲ್ಲಿ ಇವರ ಅಕ್ಕನ ಹೊಲಕ್ಕೆ ಹೋಗುತ್ತೇವೆ. ಭಜ್ಜಿ, ಸಜ್ಜೆ ಕಡುಬು, ಅಂಬಲಿ, ಶೇಂಗಾ ಹೋಳಿಗೆ. ಹೆಂಗಸರು ನಾವು ಜೋಳದ ನಡುವೆ ಕಂಬಳಿ ಹಾಸಿ ಬಡಿಸುತ್ತಿದ್ದರೆ, ಗಂಡಸರು ಬಾವಿ ಕಟ್ಟೆಯ ಕಡೆ ಮಾಯವಾಗಿದ್ದರು. ಅಕ್ಕ ಅವರಿಗೆ ಉಣ್ಣಲು ಕೊಡಲು ಹೋದವಳು ಬಹಳ ಹೊತ್ತಿನ ಮೇಲೆ ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಖಾರ ತಗುಲಿತು ಎಂದಳು. ಬಿಸಿಲು ಇಳಿಯುವ ಮೊದಲೇ ಹೊರಟೆವು. ಇವರು ನೆಟ್ಟಗೆ ನಡೆದು ಬಂದು ಬೈಕ್ ತೆಗೆದರು, ಮಗಳು ಹಿಂದೆ ಕೂತಳು. ಪಾತ್ರೆ ಡಬ್ಬಿ ಹಿಡಿದು ನಾನು ಬಸ್ಸಿಗೆ ಬಂದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕ ಬಂದಳು. ಚೀಲದಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ, ಸಕ್ಕರೆ ಪೊಟ್ಟಣ. ಇವರು ಊಟಕ್ಕೆ ಬಂದಿದ್ದರು. ಅಕ್ಕ ಕಾಯಿಯನ್ನು ಅವರ ಮುಂದೆ ಇಟ್ಟಳು.

“ತಮ್ಮಾ, ಎಳ್ಳಮಾಸಿ ದಿನ ನೀ ಜಬಾನ್ ಕೊಟ್ಟಿದ್ದಿ. ಬ್ಯಾಸಗಿದಾಗ ಮದಿವಿ ಮಾಡಿಬಿಡೋಣು. ನನ್ನ ಮಗ ಹೊಲಾ ಮನಿ ನೋಡ್ಕೊಂಡು ಛಲೋ ಅದಾನ. ಪೋರಿ ಓದಿದ್ದು ಸಾಕು.”

“ಏನಂದಿದ್ರು ಅಕ್ಕಾರ?” ಎಂದು ನಾನು ಬಾಗಿಲಲ್ಲೇ ನಿಂತು ಕೇಳಿದೆ.

“ಏನಂದಾ? ‘ಅಕ್ಕಾ, ನನ್ನ ಮಗಳು ನಿನ್ನ ಮನಿಗೇ ಬರ್ತಾಳ. ಕಲ್ಯಾಣದಾಗ ನನ್ನ ಬ್ರಷ್ ಮುಟ್ಟದ ಒಂದು ಲಾರಿನೂ ರೋಡಿಗೆ ಇಳಿಯಂಗಿಲ್ಲ, ನನ್ನ ಮಾತಂದ್ರ ಏನಂತ ತಿಳದಿ’ ಅಂದಾ.”

ಇವರ ಬೆರಳು ಹೆಬ್ಬೆರಳ ಉಗುರಿನ ಬಣ್ಣಕ್ಕೆ ಹೋಯಿತು.

“ಹಾಂ ಅಕ್ಕಾ. ಅಂದೀನಿ ಅಂದ್ರ ಅಂದೀನಿ” ಎಂದು ಎದ್ದು ಕೈ ತೊಳೆದು ಕೆಲಸಕ್ಕೆ ಹೊರಟೇಬಿಟ್ಟರು.

ಒಲೆಯ ಮೇಲೆ ಚಹಾ ಉಕ್ಕಿ ಹರಿಯಿತು. ನಾನು ಒರೆಸಲಿಲ್ಲ. ಅಕ್ಕ ನನ್ನ ವಿದ್ಯೆಯನ್ನೇ ಕಲಿತುಬಿಟ್ಟಳೇ ಎಂದು ಮೊದಲು ಸಿಟ್ಟು ಬಂತು. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಇವರಿಗೆ ಹೇಳಬೇಕೆಂದರೆ, ‘ಕುಡಿದಾಗ ನೀವು ಅಂದಿರಿ ಎಂದು ಯಾರೇ ಹೇಳಿದರೂ ನಂಬಬೇಡಿ’ ಎನ್ನಬೇಕು. ಹಾಗೆಂದರೆ ಕಿಟಕಿಯೂ ಹೋಯಿತು, ಕಾಲೇಜೂ ಹೋಯಿತು. ನಾನು ಹೆಣೆದ ಬಲೆಯಲ್ಲಿ ನಾನೇ ಸಿಕ್ಕಿಕೊಂಡಿದ್ದೆ. ಆದರೆ ಮಗಳು ಸಿಕ್ಕಿಕೊಳ್ಳಬಾರದು. ಅಕ್ಕನಿಗೆ ಚಹಾ ಕೊಟ್ಟು, ಒರಗಲು ದಿಂಬು ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಕಾರ್ಖಾನೆಗೆ ನಡೆದೆ.

ಇವರು ಹಲಗೆಯ ಮೇಲೆ ನಿಂತು ಲಾರಿಯ ಹಿಂಬದಿಗೆ ನವಿಲಿನ ಗರಿ ತುಂಬುತ್ತಿದ್ದರು. ಸುತ್ತ ಯಾರೂ ಇರಲಿಲ್ಲ.

“ಸುಣ್ಣದ್ದು, ಕಿಟಕಿದು, ಕಾಲೇಜಿಂದು, ಯಾವುದೂ ನೀವು ಅಂದಿದ್ದಿಲ್ರಿ” ಎಂದೆ. “ನಾನ ಹುಟ್ಟಿಸಿ ಹೇಳೀನಿ. ಅಕ್ಕಾರೂ ಹಂಗ ಹೇಳಾಕತ್ತಿರಬೇಕು.”

ಬ್ರಷ್ ನಿಲ್ಲಲಿಲ್ಲ. “ಗೊತ್ತದ” ಎಂದರು.

“ಏನ್ ಗೊತ್ತದ?”

“ನೀ ಹುಟ್ಟಸ್ತಿ ಅಂತ. ನೀ ಹೇಳೋದ್ರಾಗ ನಾ ಒಂದಿನಾನೂ ಯಾರಿಗೂ ಬೈದಿಲ್ಲ, ದೌಲತ್ತು ಮಾಡಿಲ್ಲ. ನಿನ್ನ ಕಣ್ಣು ನೋಡಿ ಮರುಗ್ತೀನಿ, ಮಗಳ ತಲಿ ಮ್ಯಾಲ ಕೈ ಇಡ್ತೀನಿ. ನೀ ಹೇಳೋ ಅಂವಾ ನಾ ಅಲ್ಲ.”

“ಮತ್ತ ಯಾಕ ಹೂಂ ಅಂದ್ರಿ?”

“ಅಂವಾ ಛಲೋ ಮನಷಾ ಇದ್ದ.”

ಇಷ್ಟು ವರ್ಷ ನಾನು ಇವರನ್ನು ಆಡಿಸುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ! ಸಿಟ್ಟೂ ಬಂತು, ಅಳುವೂ ಬಂತು, ಇವರ ಮೇಲೆ ಎಂದೂ ಇಲ್ಲದ ಪ್ರೀತಿಯೂ ಬಂತು.

“ಅಕ್ಕ ಹೇಳಿದ್ದು ಖರೇ ಅದ” ಎಂದರು. “ಲಾರಿ ರೋಡಿಗೆ ಇಳಿಯಂಗಿಲ್ಲ ಅನ್ನೋದು ನಂದ ದೌಲತ್ತು. ಅದನ್ನ ಬ್ಯಾರೆಯವರು ಹುಟ್ಟಿಸಾಕ ಆಗಂಗಿಲ್ಲ.” ಆಮೇಲೆ ಬ್ರಷ್ ನಿಂತಿತು. “ಅವತ್ತು ಗಾಡಿ ಯಾರು ಹೊಡಕೊಂಡು ಬಂದ್ರು?”

“ನೀವ.”

“ಹಿಂದ ಯಾರು ಕುಂತಿದ್ರು?”

“ಮಗಳು.”

“ಇದೂ ಹುಟ್ಟಿಸಿದ್ದೇನು?”

“ಅಲ್ರಿ. ಇದು ಖರೇ.”

ಹಲಗೆಯ ಮೇಲೆ ಹಾಗೇ ಕುಸಿದು ಕೂತರು. “ಬಾವಿ ಕಟ್ಟಿ ನೆಪ್ಪದ. ಆಮ್ಯಾಲ ಮುಂಜಾನಿ ಚಾ ನೆಪ್ಪದ. ನಡುವ ಏನೂ ಇಲ್ಲ. ಅಷ್ಟು ದೊಡ್ಡ ರೋಡು, ಅಷ್ಟು ಲಾರಿ, ಹಿಂದ ಪೋರಿ…” ಎಂದರು. ಹಸಿ ಬ್ರಷ್ಷನ್ನು ಹಾಗೇ ತೊಡೆಯ ಮೇಲೆ ಇಟ್ಟುಕೊಂಡರು. ನನಗೂ ಆಗಲೇ ಹೊಳೆದದ್ದು. ನೆಟ್ಟಗೆ ನಡೆಯುತ್ತಾರೆ ಎಂದು ನಾನೇ ಮಗಳನ್ನು ಹಿಂದೆ ಕೂರಿಸಿ ಕಳಿಸಿದ್ದೆ.

ಇಬ್ಬರೂ ಮನೆಗೆ ಬಂದೆವು. ಇವರು ಅಕ್ಕನ ಎದುರು ನೆಲದ ಮೇಲೆ ಕೂತರು.

“ಅಕ್ಕಾ, ನನಗ ನೆಪ್ಪಿಲ್ಲ.”

ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

“ಏನ್ ನೆಪ್ಪಿಲ್ಲ?”

“ಬಾವಿ ಕಟ್ಟಿ ಮ್ಯಾಲ ಅಂದಿದ್ದು. ಅಂದೀನಿ, ನೀ ಸುಳ್ಳು ಹೇಳಂಗಿಲ್ಲ. ಆದರ ನನಗ ನೆಪ್ಪಿಲ್ಲದ ಮಾತಿನ ಮ್ಯಾಲ ಪೋರಿ ಬಾಳ್ವಿ ಇಡಲಾರೆ. ಆಕಿ ಓದಲಿ. ಆಮ್ಯಾಲ ಆಕಿನ್ನ ಕೇಳೋಣು.”

ಅಕ್ಕ ಕೂಗಾಡುತ್ತಾಳೆ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವಳು ಕೂಗಾಡಲಿಲ್ಲ. ಸಂಬಂಧದ ಮಾತನ್ನು ಅಲ್ಲಿಗೇ ಬಿಟ್ಟು ತಮ್ಮನ ಮುಖವನ್ನೇ ನೋಡಿದಳು.

“ಹಂಗಾದ್ರ ಅವ್ವನ ಮಾತೂ ನೆಪ್ಪಿಲ್ಲೇನು?”

“ಯಾವ ಮಾತು?”

“ಅವ್ವನ ಮಣ್ಣಿಗೆ ತಡ ಮಾಡಿ ಬಂದೆ, ಮಾರಿ ನೋಡ್ಲಿಲ್ಲ ಅಂತ ನನ್ನ ಕಾಲು ಹಿಡದು ಅತ್ತಿಯಲ್ಲೋ. ಇಷ್ಟು ವರ್ಷ ನೀ ಆ ಮಾತು ತಗೀಲೇ ಇಲ್ಲ. ತಗದಿ ಅಂತ ನನ್ನ ಎದಿ ಹಗುರ ಆಗಿತ್ತು. ಅದಕ್ಕಂತ ಓಡಿ ಬಂದೆ, ಸಂಬಂಧ ಗಟ್ಟಿ ಮಾಡೋಣು ಅಂತ.”

ಅಕ್ಕನ ಮನೆಯಲ್ಲಿದ್ದ ಅತ್ತೆ ತೀರಿಕೊಂಡ ದಿನ ಇವರು ಒಂದು ಲಾರಿಯ ಕೆಲಸ ಮುಗಿಸಿಕೊಟ್ಟು ಹೊರಟಿದ್ದರು. ಘಾಟಬೋರಾಳ ಮುಟ್ಟುವಷ್ಟರಲ್ಲಿ ಕುಣಿ ಮುಚ್ಚಿಯಾಗಿತ್ತು. ಆ ಬಗ್ಗೆ ನನ್ನ ಹತ್ತಿರವೂ ಒಂದು ಮಾತು ಆಡಿದವರಲ್ಲ. ನೆಲ ನೋಡುತ್ತ ಕೂತರು. ಅಕ್ಕ ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಬಸ್ ಸ್ಟ್ಯಾಂಡಿನಲ್ಲಿ ಹುಮನಾಬಾದ್ ಬಸ್ಸಿನಿಂದ ಇಳಿದ ಮಗಳು ಎದುರಾದಳಂತೆ. ಸಕ್ಕರೆ ಪೊಟ್ಟಣವನ್ನು ಅವಳ ಕೈಗೆ ತುರುಕಿ, “ಓದವ್ವಾ” ಎಂದಷ್ಟೇ ಹೇಳಿ ಹೋದಳಂತೆ.

ಇವರು ಒಂದೇ ಸಲಕ್ಕೆ ಬಿಟ್ಟರು ಎಂದರೆ ನೀವು ನಂಬಬೇಡಿ. ಬೀದರಿಗೆ ಹೋದೆವು, ಔಷಧ ತಂದೆವು, ಬಿಟ್ಟರು, ಜಾರಿದರು, ಮತ್ತೆ ಬಿಟ್ಟರು. ಜಾರಿದ ಮಾರನೇ ಬೆಳಿಗ್ಗೆ ತಾವೇ ಕೇಳುತ್ತಿದ್ದರು, “ಖರೇ ಹೇಳು, ನಿನ್ನಿ ಏನಂದೆ?” ನಾನು ಖರೇ ಹೇಳುತ್ತಿದ್ದೆ. ಖರೇ ಕೇಳಲು ಚೆನ್ನಾಗಿರುತ್ತಿರಲಿಲ್ಲ. ಈಗ ಬಾಟಲಿ ಮುಟ್ಟದೆ ಬಹಳ ದಿನವಾಯಿತು. ನನ್ನ ರಾಜ್ಯ ಮಾತ್ರ ಹೋಯಿತು. ಬಚ್ಚಲಿನ ಬಾಗಿಲು ಮುರಿದು ನೇತಾಡುತ್ತಿದೆ, ಮಾಡಿಸಿಕೊಳ್ಳಬೇಕೆಂದರೆ ಹಗಲಲ್ಲೇ ಗಂಟಲು ಹರಿದುಕೊಂಡು ಜಗಳವಾಡಬೇಕು. ಇವರಿಗೆ ಈಗ ಎಲ್ಲವೂ ನೆನಪಿರುತ್ತದೆ.

ಈ ಸಲದ ಎಳ್ಳ ಅಮಾವಾಸ್ಯೆಗೆ ಮತ್ತೆ ಅಕ್ಕನ ಹೊಲಕ್ಕೆ ಹೋದೆವು. ಗಂಡಸರು ಬಾವಿ ಕಡೆ ಹೊರಟಾಗ ಇವರು ನಮ್ಮ ಕಂಬಳಿಯ ಮೇಲೆ ಬಂದು ಅಕ್ಕನ ಪಕ್ಕ ಕೂತು ಅಂಬಲಿ ಕೇಳಿದರು. ಕುಡಿದು ಲೋಟ ಕೆಳಗಿಟ್ಟು, “ಅಕ್ಕಾ, ಅವತ್ತು ಅವ್ವನ ಬಗ್ಗೆ ನಾ ಏನೇನಂದೆ, ಹೇಳು” ಎಂದರು.

ಅಕ್ಕ ಹೇಳಿದಳು. ಒಂದು ಮಾತೂ ಬಿಡದೆ, ತಮ್ಮನ ದನಿಯಲ್ಲೇ ಹೇಳಿದಳು. ಸುಳ್ಳು ಕಟ್ಟುವುದರಲ್ಲಿ ಪಳಗಿದ ನನಗೆ ಅದರಲ್ಲಿ ಒಂದೂ ಕಟ್ಟಿದ ಮಾತು ಕಾಣಲಿಲ್ಲ. ಇವರು ಯಾರದೋ ಕಥೆ ಕೇಳುವವರ ಹಾಗೆ ಕೊನೆಯವರೆಗೂ ಕೇಳಿದರು. ಆಮೇಲೆ ಬಗ್ಗಿ ಅಕ್ಕನ ಕಾಲು ಹಿಡಿದುಕೊಂಡು ಅತ್ತರು. ಅಕ್ಕ ಅವರ ತಲೆಯ ಮೇಲೆ ಕೈ ಇಟ್ಟು, “ಈ ಸಲ ನೆಪ್ಪಿಟ್ಕೋ ತಮ್ಮಾ” ಎಂದಳು.