ಚಾಚಾ ಕೊಟ್ಟ ಹನ್ನೆರಡು ಸಿಗಡಿ

ಹೋದ ತಿಂಗಳು ಥೈರಾಯ್ಡ್ ಪರೀಕ್ಷೆಗೆಂದು ಗದಗಿನ ಹೊಸ ಲ್ಯಾಬೊಂದಕ್ಕೆ ಹೋಗಿದ್ದೆ. ರಕ್ತ ತೆಗೆಯುವ ಹುಡುಗಿ ನನ್ನ ಮೊಣಕೈ ಮಡಿಕೆಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕುತ್ತಿಗೆ ತಾನಾಗಿಯೇ ಎಡಕ್ಕೆ ಹೊರಳಿತು. ಅಲ್ಲಿ ಬರೀ ಗೋಡೆ.

“ಸೂಜಿ ಅಂದ್ರ ಅಂಜಿಕಿ ಏನ್ರಿ ಮೇಡಂ?” ಎಂದು ಹುಡುಗಿ ನಕ್ಕಳು.

ಅಂಜಿಕೆಯಲ್ಲ... ಎಂಟೊಂಬತ್ತು ವರ್ಷಗಳ ಹಿಂದೆ ಬೆಟಗೇರಿಯ ಒಂದು ಸಣ್ಣ ಲ್ಯಾಬಿನಲ್ಲಿ, ರಕ್ತ ಕೊಡಲು ಕುಳಿತಾಗ ನನ್ನ ಎಡಗಡೆ ಒಂದು ಗಾಜಿನ ತೊಟ್ಟಿ ಇರುತ್ತಿತ್ತು. ಆ ಲ್ಯಾಬ್ ನಡೆಸುತ್ತಿದ್ದವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಲಕ್ಷ್ಮೇಶ್ವರದ ಕಡೆಯವರು, ಮನೆ ಮಾಡಿದ್ದು ಮಲ್ಲಸಮುದ್ರದಲ್ಲಿ. ದಿನವಿಡೀ ಊರ ಮಂದಿಯ ರಕ್ತ, ಮೂತ್ರ, ಮಲವನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಕೆಲಸ. ನೋಡಿ ನೋಡಿ ಒಂದು ಕಣ್ಣು ಇನ್ನೊಂದಕ್ಕಿಂತ ಸಣ್ಣದಾಗಿತ್ತು.

ಆಗ ನನ್ನ ಎರಡನೆಯ ಗರ್ಭವೂ ಮೂರನೇ ತಿಂಗಳಲ್ಲಿ ಇಳಿದುಹೋಗಿತ್ತು. ಡಾಕ್ಟರು ಬರೆದುಕೊಟ್ಟ ಪರೀಕ್ಷೆಗಳು ಮುಗಿಯುತ್ತಲೇ ಇರಲಿಲ್ಲ. ನಾನು ಪಾಠ ಮಾಡುವ ಶಾಲೆಗೆ ಹೋಗುವ ಮೊದಲು ಲ್ಯಾಬಿಗೆ ಹೋಗುವುದು, ತೋಳು ಚಾಚುವುದು. ಮೊದಲ ದಿನವೇ ನನ್ನ ಮುಖ ನೋಡಿ ಚಾಚಾ ಅಂದಿದ್ದರು: “ಸೂಜಿ ನೋಡಬ್ಯಾಡ್ರಿ ಯವ್ವಾ. ಆ ಕಡಿ ನೋಡ್ರಿ. ಅಲ್ಲೊಂದು ಕೆಂಪಂದು ಐತಲ್ಲ, ಏನ್ ಮಾಡಾಕತ್ತೈತಿ ಹೇಳ್ರಿ ನನಗ.”

ತೊಟ್ಟಿಯಲ್ಲಿ ಉಗುರುದ್ದದ ಕೆಂಪು ಸಿಗಡಿಗಳು. ಪಾಚಿ ಹಿಡಿದ ಕಲ್ಲಿನ ಮೇಲೆ ಕುಳಿತು, ಎರಡೂ ಕೈಯಿಂದ ಏನನ್ನೋ ಹೆಕ್ಕಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದವು. “ಉಣ್ಣಾಕತ್ತೈತ್ರಿ” ಅಂದೆ. ಅಷ್ಟರಲ್ಲಿ ರಕ್ತ ತೆಗೆದಾಗಿತ್ತು.

ಐದಾರು ಸಲ ಹೀಗಾದ ಮೇಲೆ ಒಂದು ದಿನ ಚಾಚಾ ಹನ್ನೆರಡು ಸಿಗಡಿಗಳನ್ನು ನೀರಿನ ಬಾಟಲಿಯಲ್ಲಿ ಹಾಕಿ ನನ್ನ ಕೈಗಿಟ್ಟರು. “ಮನ್ಯಾಗ ಇಟ್ಕೊರಿ. ಸುಮ್ಮನ ನೋಡಕೊಂತ ಕುಂಡ್ರಿ. ಇದರ ಬೆನ್ನ ಮ್ಯಾಲ ಹಳದಿ ಗೆರಿ ಕಾಣ್ತೈತಿಲ್ಲೋ? ಹತ್ತು ವರ್ಷದಿಂದ ಆರಿಸಿ ಆರಿಸಿ ಬೆಳೆಸಿದ ವಂಶ ಇದು.” ಅದರಲ್ಲೊಂದು ಹೆಣ್ಣು ಹೊಟ್ಟೆಯ ಕೆಳಗೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನು ಹಿಡಿದುಕೊಂಡಿತ್ತು. ಚಾಚಾ ಅದನ್ನು ಬೇಕೆಂದೇ ಹಾಕಿದ್ದರು ಎಂಬುದು ನನಗೆ ಗೊತ್ತಾಯಿತು.

ನಮ್ಮ ಮನೆಯವರು ಒಂದು ಗಾಜಿನ ತೊಟ್ಟಿ ತಂದುಕೊಟ್ಟರು. ನಾನು ಶಾಲೆಯಿಂದ ಬಂದವಳೇ ಅದರ ಮುಂದೆ ಕೂರುತ್ತಿದ್ದೆ. ಮೊಟ್ಟೆ ಹೊತ್ತ ಹೆಣ್ಣು ಹೊಟ್ಟೆಯ ಕಾಲುಗಳಿಂದ ಮೊಟ್ಟೆಗಳಿಗೆ ಸದಾ ಗಾಳಿ ಹಾಕುವಂತೆ ನೀರು ಬೀಸುತ್ತಿತ್ತು, ಒಂದು ಗಳಿಗೆಯೂ ಬಿಡುವಿಲ್ಲದೆ. ಅದಕ್ಕೆ ಹೊಟ್ಟೆ ತುಂಬಲಿ ಎಂದು ಬೆಂದ ಪಾಲಕ, ಅಂಗಡಿಯಲ್ಲಿ ಸಿಗುವ ಮೀನಿನ ಆಹಾರದ ಗುಳಿಗೆ, ದಿನಕ್ಕೆ ಮೂರು ಸಲ ಹಾಕಿದೆ. ಮೂರು ವಾರಕ್ಕೆ ಗಾಜಿನ ಮೇಲೆ ಬಿಳಿ ಹುಳ ಕಾಣಿಸಿಕೊಂಡವು. ಮೊದಲು ಎರಡು, ಮರುದಿನ ಇಪ್ಪತ್ತು. ಸಣ್ಣ ಜೊಲ್ಲಿನ ಹನಿಯಂತೆ ಜಾರುತ್ತಾ ಹೋಗುತ್ತಿದ್ದವು.

ಅತ್ತೆ ಬಗ್ಗಿ ನೋಡಿದರು. “ಹುಳ ಆದ ನೀರು ಮನ್ಯಾಗ ಇಟ್ಕೊಬಾರದವ್ವ. ಮೊದಲ ಈ ಮನ್ಯಾಗ ಏನೂ ನಿಂದ್ರವಲ್ದು...” ಎಂದು ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧ ನನಗೆ ಕೇಳಿಸಿತ್ತು.

ಶುಕ್ರವಾರ ಒಂದು ಹುಳವನ್ನು ಸಣ್ಣ ಶೀಶೆಯಲ್ಲಿ ಹಿಡಿದು ಲ್ಯಾಬಿಗೆ ಒಯ್ದೆ. ಚಾಚಾ ಅದನ್ನು ಗಾಜಿನ ಪಟ್ಟಿಯ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿ, ನನಗೂ ತೋರಿಸಿದರು. ಬಾಣದ ತುದಿಯಂಥ ತಲೆ, ಅದರಲ್ಲಿ ಎರಡು ಮೆಳ್ಳಗಣ್ಣು. ಅದು ನನ್ನನ್ನೇ ನೋಡುತ್ತಿದೆ ಅನ್ನಿಸಿ ಮೈ ಜುಮ್ಮೆಂದಿತು.

“ಪ್ಲನೇರಿಯಾ ಅಂತಾರ ಇದಕ್ಕ. ದಾರದ ಎಳಿಯಂಗ ನೀರಾಗ ಬಳಕ್ತಾವಲ್ಲ, ಆ ಹುಳ ಏನೂ ಮಾಡಂಗಿಲ್ಲ. ಈ ಚಪ್ಪಟಿ ತಲಿದು ಕೆಟ್ಟದ್ದು. ಪೊರಿ ಬಿಟ್ಟ ಸಿಗಡಿ ಮೆತ್ತಗ ಇರ್ತೈತಿ ನೋಡ್ರಿ, ಅದನ್ನ ಹಿಡೀತೈತಿ. ಮರೀನೂ ಬಿಡಂಗಿಲ್ಲ. ಗಾಜಿನ ಮ್ಯಾಲ ಒರೆಸಿ ಕೊಲ್ಲಾಕ ಹೋಗಬ್ಯಾಡ್ರಿ, ತುಂಡಾದ್ರ ತುಂಡಿಗೊಂದು ಹುಳ ಆಕ್ಕಾವು.”

“ಯಾಕ ಬಂದ್ವು ಚಾಚಾ?”

“ನೀವು ಕರದೀರಿ, ಬಂದ್ವು. ಸಿಗಡಿ ಹೊಟ್ಟಿ ತುಂಬಸಾಕ ಹೋಗಿ ಹುಳಕ್ಕ ಊಟ ಹಾಕೀರಿ. ಇವತ್ತಿಂದ ಊಟ ಬಂದ್ ಮಾಡ್ರಿ. ಮಾಂಸದ ಚೂರು ಶೀಶೆದಾಗ ಇಟ್ಟು ಹಿಡೀಬಹುದು, ಆದ್ರ ನಿಮ್ಮ ಮನ್ಯಾಗ ಅದು ನಡ್ಯಂಗಿಲ್ಲ. ಶಿರಹಟ್ಟ್ಯಾಗ ದನದ ಔಷಧ ಮಾರೂ ದೋಸ್ತ ಅದಾನ. ನಾಯಿಗೆ ಹುಳಕ್ಕ ಕೊಡೂ ಪುಡಿ ಸೋಮವಾರ ಕಳಸ್ತಾನ. ಅಲ್ಲೀ ಮಟ ಯಾವ ಔಷಧಾನೂ ಹಾಕಬ್ಯಾಡ್ರಿ. ತಾಮ್ರ ಕೂಡಿದ ಔಷಧ ಒಂದ್ ಹನಿ ಬಿದ್ರೂ ಸಿಗಡಿ ಉಳ್ಯಂಗಿಲ್ಲ.”

ಶನಿವಾರ ಒಂದು ಸಿಗಡಿ ಸತ್ತುಬಿದ್ದಿತ್ತು. ಅದರ ಮೇಲೆ ಆರೇಳು ಹುಳ ಮುತ್ತಿದ್ದವು. ಭಾನುವಾರ ಮಧ್ಯಾಹ್ನ ನೋಡಿದರೆ, ಮೊಟ್ಟೆ ಹೊತ್ತ ಹೆಣ್ಣಿನ ಪಕ್ಕದಲ್ಲೇ ಒಂದು ಹುಳ ಜಾರುತ್ತಿತ್ತು. ಮೊಟ್ಟೆಗಳೊಳಗೆ ಕರಿ ಚುಕ್ಕೆಯಂಥ ಕಣ್ಣು ಮೂಡಿದ್ದವು. ಇನ್ನೊಂದು ದಿನ ಕಾಯಲು ನನಗಾಗಲಿಲ್ಲ. ಮೀನಿನ ಅಂಗಡಿಗೆ ಓಡಿದೆ. “ಎಲ್ಲಾ ಹುಳಕ್ಕೂ ನಡೀತೈತ್ರಿ” ಎಂದು ಅಂಗಡಿಯವನು ನೀಲಿ ಔಷಧ ಕೊಟ್ಟ. ತಾಮ್ರವಿದೆಯೇ ಎಂದು ಶೀಶೆಯ ಮೇಲಿದ್ದ ಸಣ್ಣ ಅಕ್ಷರಗಳನ್ನು ನಾನು ಓದಲಿಲ್ಲ. ಮಕ್ಕಳಿಗೆ ಓದು ಕಲಿಸುವವಳು ನಾನು.

ಹಾಕಿದ ಸ್ವಲ್ಪ ಹೊತ್ತಿಗೆ ಸಿಗಡಿಗಳು ತೊಟ್ಟಿಯ ತುಂಬ ಹುಚ್ಚೆದ್ದು ಓಡಾಡಿದವು. ಆಮೇಲೆ ಒಂದೊಂದೇ ಮಗ್ಗುಲಾಗಿ ಬಿದ್ದವು. ಕೊನೆಗೆ ಉಳಿದದ್ದು ಆ ಹೆಣ್ಣು. ಅಂಗಾತ ಬಿದ್ದುಕೊಂಡೂ ಮೊಟ್ಟೆಗೆ ಗಾಳಿ ಬೀಸುತ್ತಿತ್ತು... ನಿಧಾನವಾಗಿ, ಇನ್ನೂ ನಿಧಾನವಾಗಿ. ಗಾಜಿನ ಮೇಲೆ ಹುಳಗಳು ಆರಾಮಾಗಿ ಹರಿದಾಡುತ್ತಿದ್ದವು.

ಅತ್ತೆಯೇ ನೀರನ್ನು ಬಕೆಟ್ಟಿಗೆ ಸುರಿದು ಹಿತ್ತಲಿಗೆ ಒಯ್ದರು. ಹಿಂದಿರುಗಿ ಬಂದು, “ನನ್ನ ಮಾತು ತಟ್ಟಿತೇನವ್ವ?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂದು ಅವರ ಮೇಲಿದ್ದ ನನ್ನ ಸಿಟ್ಟು ಹೋಯಿತು. ನನ್ನ ಮೇಲಿನದು ಹೋಗಲಿಲ್ಲ.

ಸೋಮವಾರ ಚಾಚಾ ತಾವೇ ಪುಡಿಯ ಪೊಟ್ಟಣ ಹಿಡಿದು ಶಾಲೆಯ ಗೇಟಿಗೆ ಬಂದರು. ಎಷ್ಟು ನೀರಿಗೆ ಎಷ್ಟು ಎಂದು ಕಾಗದದ ಮೇಲೆ ದುಂಡಗೆ ಬರೆದಿದ್ದರು. “ಹೆಂಗದಾವ ಯವ್ವಾ?” ಎಂದಾಗ ಬಾಯಿಗೆ ಬಂದದ್ದು “ಚಲೋ ಅದಾವ್ರಿ.” ಹದಿನೈದು ದಿನದ ಮೇಲೆ ಲ್ಯಾಬಿನಲ್ಲಿ, “ಮರಿ ಆದ್ವೇನು?” ಎಂದರು. “ಆದ್ವ್ರಿ” ಎಂದೆ. ಚಾಚಾ ಕುರ್ಚಿಯಿಂದ ಎದ್ದು ಬಾಗಿಲಿಗೆ ಹೋಗಿ ಎದುರಿನ ಆಸ್ಪತ್ರೆಯ ನರ್ಸಮ್ಮನನ್ನು ಕೂಗಿದರು: “ಕೇಳಿದ್ರೇನು, ನಮ್ಮ ಯವ್ವನ ಮನ್ಯಾಗ ಮರಿ ಆಗ್ಯಾವಂತ!” ಆ ಮುಖ ನೋಡಿದ ಮೇಲೆ ಹಿಂದೆ ಸರಿಯುವ ದಾರಿ ನನಗಿರಲಿಲ್ಲ.

ಬೇಸಿಗೆಯಲ್ಲಿ ಚಾಚಾ ಲಕ್ಷ್ಮೇಶ್ವರಕ್ಕೆ ಮದುವೆಗೆ ಹೋಗಿದ್ದಾಗ, ಕಟ್ಟಡದ ಮಾಲೀಕರು ಲ್ಯಾಬಿನ ಗೋಡೆಗಳಿಗೆ ಗೆದ್ದಲಿನ ಔಷಧ ಹೊಡೆಸಿದರು. ಬಂದು ನೋಡುವಷ್ಟರಲ್ಲಿ ಅವರ ತೊಟ್ಟಿಯಲ್ಲಿ ಒಂದೂ ಉಳಿದಿರಲಿಲ್ಲ. ನಾನು ಹೋದಾಗ ಖಾಲಿ ನೀರು ನೋಡುತ್ತಾ ಕುಳಿತಿದ್ದರು. “ಹೋದ್ವು ಯವ್ವಾ. ಆದ್ರ ನಿಮ್ಮ ಮನ್ಯಾಗ ಅದಾವಲ್ಲ, ಅದ ಸಮಾಧಾನ. ನಾಲ್ಕು ಮರಿ ತಂದುಕೊಡ್ರಿ, ವಂಶ ಮುಂದುವರೀತೈತಿ” ಅಂದರು.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಭಾನುವಾರ ಹುಬ್ಬಳ್ಳಿಗೆ ಹೋಗಿ ಹತ್ತು ಕೆಂಪು ಸಿಗಡಿ ಕೊಂಡು ತಂದು, ನಮ್ಮ ಮನೆಯವೇ ಎಂದು ಕೊಟ್ಟೆ. ಚಾಚಾ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

“ಒಂದರ ಬೆನ್ನ ಮ್ಯಾಲೂ ಹಳದಿ ಗೆರಿ ಇಲ್ಲ. ಇವು ನನ್ನವಲ್ಲ.”

ಎಲ್ಲ ಹೇಳಿಬಿಟ್ಟೆ. ನೀಲಿ ಔಷಧ, ಭಾನುವಾರ, ಸುಳ್ಳು. ಚಾಚಾ ಚೀಲವನ್ನು ಕೆಳಗಿಳಿಸಿದರು. ಕೊನೆಗೆ, “ಸತ್ತದ್ದಕ್ಕ ಅಲ್ಲ. ಜೀವ ಅಂದಮ್ಯಾಲ ಸಾಯ್ತಾವು. ಮರಿ ಆದ್ವು ಅಂದ್ರಿ ನೋಡ್ರಿ... ಆವತ್ತು ನಾ ಮನಿಗೆ ಹೋಗಿ ಸಿಹಿ ಮಾಡಿಸಿದ್ದೆ” ಅಂದರು. ಆಮೇಲೆ ಆ ಹತ್ತನ್ನೂ, ತೊಳೆದು ಹೊಸ ನೀರು ತುಂಬಿದ್ದ ತೊಟ್ಟಿಯಲ್ಲಿ ಚೀಲದ ಸಮೇತ ತೇಲಿಬಿಟ್ಟರು. “ಇವೇನ್ ತಪ್ಪು ಮಾಡ್ಯಾವ, ಇರ್ಲಿ. ಹೋಗಿ ಬರ್ರಿ ಅಕ್ಕೋರ.”

ಅಂದಿನಿಂದ ಅವರು ನನ್ನನ್ನು ಯವ್ವಾ ಎನ್ನಲಿಲ್ಲ. ಊರ ಮಂದಿ ಟೀಚರಿಗೆ ಅನ್ನುವಂತೆ ‘ಅಕ್ಕೋರ’ ಎಂದೇ ಅಂದರು. ಮಾತಿನಲ್ಲಿ ಮರ್ಯಾದೆಗೆ ಕಡಿಮೆ ಇರಲಿಲ್ಲ. ಮೆಲ್ಲಮೆಲ್ಲಗೆ ನಾನೂ ಅಲ್ಲಿಗೆ ಹೋಗುವುದನ್ನು ಬಿಟ್ಟೆ.

ಒಂದೂವರೆ ವರ್ಷದ ನಂತರ ಲ್ಯಾಬಿನ ಬಾಗಿಲು ಹಾಕಿತ್ತು. ಚಾಚಾಗೆ ಮೂತ್ರಪಿಂಡದ ರೋಗವಂತೆ; ಎಲ್ಲರ ವರದಿ ಬರೆದವರು ತಮ್ಮದನ್ನು ಯಾರಿಗೂ ತೋರಿಸಿರಲಿಲ್ಲ. ಚಾಚಾ ತೀರಿಕೊಂಡ ಖಬರು ನನಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ.

ಮಲ್ಲಸಮುದ್ರದ ಮನೆಗೆ ಹೋದೆ. ಚಾಚಾನ ಹೆಂಡತಿಯನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ನಾನು ಯಾರೆಂದು ಹೇಳುತ್ತಲೇ ಅವರ ಮುಖ ಅರಳಿತು. “ಸಿಗಡಿ ಮರಿ ಆದ ಅಕ್ಕೋರು ನೀವ ಏನ್ರಿ? ಭಾಳ ಹೇಳ್ತಿದ್ರು. ನನ್ನ ತೊಟ್ಟಿ ಹೋದ್ರೂ ಅಲ್ಲಿ ವಂಶ ಐತಿ ಅಂತ ಕಡೀತನಕ ಅಂತಿದ್ರು. ಈಗೂ ಅದಾವೇನ್ರಿ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾಲಗೆಯ ತುದಿಗೂ ಬಂದಿತ್ತು.

“ಇಲ್ರಿ ಚಾಚಿ. ಒಂದೂ ಉಳೀಲಿಲ್ಲ. ಮರಿ ಆಗೇ ಇರ್ಲಿಲ್ಲ. ನಾನು ಸುಳ್ಳು ಹೇಳಿದ್ದೆ.”

ಅವರು ನನ್ನನ್ನೇ ನೋಡಿದರು. “ಅವರಿಗೆ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಮತ್ತ ನನಗ ಯಾಕ ಹಂಗ ಹೇಳಿದ್ರು?”

ಚಾಚಿ ಚಹಾದ ಬಟ್ಟಲನ್ನು ನನ್ನ ಕಡೆ ಸರಿಸಿ, “ಕುಡೀರಿ, ಆರಾಕತ್ತೈತಿ” ಎಂದರು.

ನಮಗೆ ಮಕ್ಕಳಾಗಲಿಲ್ಲ. ಅದಕ್ಕೆ ನಾನೂ ಮನೆಯವರೂ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಆದರೆ ಚಾಚಿಯ ಆ ಪ್ರಶ್ನೆಗೆ ಇನ್ನೂ ಹೊಂದಿಕೊಂಡಿಲ್ಲ. ಚಾಚಾ ನನ್ನ ಮಾನ ಕಾಯ್ದರೋ, ಇಲ್ಲಾ ಅವರಿಗೇ ಆ ಮರಿಗಳು ಬೇಕಾಗಿದ್ದವೋ... ಹೇಳಬಲ್ಲವರು ಒಬ್ಬರೇ ಇದ್ದರು. ಅವರು ಇದ್ದಾಗ ನಾನು ಆ ಲ್ಯಾಬಿನ ಮುಂದೆಯೇ ದಿನವೂ ಹಾಯ್ದು, ಒಳಗೆ ಹೋಗದೆ ಶಾಲೆಗೆ ನಡೆದೆ.