ಏಳು ಸಂಜೆ, ಒಂದು ಒಗ್ಗರಣೆ

ದೇವಾನಂದ ಮುಂಬಯಿಯ ಬೈಕುಲ್ಲಾದ ಹೋಟೆಲೊಂದರಲ್ಲಿ ಸೌಟು ಹಿಡಿದಾಗ ಅವನಿಗೆ ಇಪ್ಪತ್ತು ವರ್ಷ. ಮೂವತ್ತೈದಕ್ಕೆ ಆ ಸೌಟೇ ಅವನನ್ನು ಕೆರಿಬಿಯನ್ ಸಮುದ್ರದ ಹಾಯಿದೋಣಿಯೊಂದಕ್ಕೆ ಕೊಂಡೊಯ್ದಿತು. ಶ್ರೀಮಂತರು ನೆಂಟರಿಷ್ಟರನ್ನು ಕಟ್ಟಿಕೊಂಡು ವಾರಗಟ್ಟಲೆ ದ್ವೀಪ ಸುತ್ತುವ ದೋಣಿ ಅದು. ಅವರ ಹೊಟ್ಟೆ ನೋಡಿಕೊಳ್ಳುವುದು ಇವನ ಕೆಲಸ. ವರ್ಷಕ್ಕೆ ಎರಡು ತಿಂಗಳು ಮಲಾಡ್‌ನ ಮನೆ. ಉಳಿದ ಹತ್ತು ತಿಂಗಳು ಹೆಂಡತಿ ನೀಲಾವತಿಗೆ ಅವನು ಫೋನಿನೊಳಗಿನ ಗಂಡ. "ಒಂದು ದಿನ ನಿನ್ನನ್ನೂ ಇಲ್ಲಿಗೆ ಕರಕೊಂಡು ಬರ್ತೇನೆ. ಇಬ್ರೂ ಒಟ್ಟಿಗೆ ಕೂತು ಸೂರ್ಯ ಮುಳುಗುದು ನೋಡುವ" ಎಂದು ಹದಿನೈದು ವರ್ಷ ಹೇಳುತ್ತ ಬಂದಿದ್ದ. ಅವಳೂ ನಂಬುತ್ತ ಬಂದಿದ್ದಳು.

ಆ ದಿನ ನಿಜಕ್ಕೂ ಬಂತು. ಅವನು ಕೆಲಸ ಬಿಟ್ಟು ಮನೆಗೆ ಮರಳುವ ಮುನ್ನ ಮಾಲೀಕ ಒಂದು ವಾರಕ್ಕೆ ದೋಣಿ ಬಿಟ್ಟುಕೊಟ್ಟ. ಅಡುಗೆಗೆ ಬೇರೊಬ್ಬನನ್ನು ಇಟ್ಟು, ಈ ವಾರ ನೀನೇ ಅತಿಥಿ ಎಂದ. ಮುಂಬಯಿಯಿಂದ ನೀಲಾವತಿ, ಅವಳ ತಮ್ಮ ಪ್ರಶಾಂತ, ಬೈಕುಲ್ಲಾದ ಹಳೆಯ ಗೆಳೆಯ ಸುಕೇಶ್ ಬಂದಿಳಿದರು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳಲ್ಲ. ಮೊದಲ ಮಧ್ಯಾಹ್ನವೇ ಹೊಸ ಅಡುಗೆಯವನ ಮೀನು ತಿಂದು ಪ್ರಶಾಂತ ಮುಖ ಹುಳ್ಳಗೆ ಮಾಡಿದ.

"ಇದೆಂತ ಭಾವ, ಆಸ್ಪತ್ರೆಯ ಊಟದ ಹಾಗುಂಟು! ನಿಮ್ಮ ಕೈಯ ಕಾಯಿ ಅರೆದ ಮೀನಿನ ಗಸಿ ಇಲ್ವಾ?"

ಅಷ್ಟು ಸಾಕಾಯಿತು. ತಾನಿರುವಾಗ ತನ್ನ ಜನ ಅರೆಹೊಟ್ಟೆಯಲ್ಲಿ ಏಳುವುದೆಂದರೆ ಹೋಟೆಲಿನವನಿಗೆ ಮಾನ ಹೋದ ಹಾಗೆ. ದೇವಾನಂದ ಲುಂಗಿ ಎತ್ತಿ ಕಟ್ಟಿ ಕೆಳಗಿನ ಅಡುಗೆಮನೆಗೆ ಇಳಿದ. ಆಮೇಲೆ ಅವನು ಮೇಲೆ ಬಂದದ್ದೆಲ್ಲ ಬಡಿಸಲಿಕ್ಕೆ.

ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಗಸಿ, ಸಂಜೆಗೆ ಬಜ್ಜಿ. ಎರಡೇ ದಿನದಲ್ಲಿ ನೆಂಟರು ಗಿರಾಕಿಗಳಾದರು. ಸುಕೇಶನಂತೂ ಕಾಲು ಚಾಚಿ ಕೂತಲ್ಲಿಂದಲೇ ಚಾ ಎಂದು ಕೂಗುತ್ತಿದ್ದ. ಇವರಿಗೆಲ್ಲ ನಾಚಿಕೆ ಇರಲಿಲ್ಲ ಸರಿ, ಇವನಿಗೆ ಬುದ್ಧಿ ಬೇಡವೇ?

ದಿನಾ ಸಂಜೆ ನೀಲಾವತಿ ಮೆಟ್ಟಿಲ ಬಳಿ ಬಗ್ಗಿ ಕರೆಯುತ್ತಿದ್ದಳು. "ಒಮ್ಮೆ ಮೇಲೆ ಬನ್ನಿ ಮಾರಾಯ್ರೆ, ನಾನೊಬ್ಳೇ ಕೂತಿದ್ದೇನೆ."

"ಇಕೊ ಬಂದೆ. ಒಗ್ಗರಣೆ ಒಂದು ಆಗ್ಲಿ."

ಒಗ್ಗರಣೆ ಮುಗಿಯುವಾಗ ಸಮುದ್ರ ಕಪ್ಪಾಗಿರುತ್ತಿತ್ತು. ಐದನೆಯ ಸಂಜೆ ಅವಳು ಕರೆಯಲಿಲ್ಲ. ಹೆಂಡತಿಗೆ ತನ್ನ ಕಷ್ಟ ಅರ್ಥವಾಯಿತೆಂದು ಅವನು ಸಮಾಧಾನದಿಂದ ಮೀನು ಹುರಿದ.

ಮಲಾಡ್‌ಗೆ ಮರಳಿದ ಮೂರನೆಯ ದಿನ ಪಕ್ಕದ ಫ್ಲ್ಯಾಟಿನ ನಿಶ್ಮಿತಾ ಬಾಗಿಲಲ್ಲೇ ನಿಂತು ವಿಚಾರಿಸಿದಳು. ದೇವಾನಂದ ಒಳಗೆ ಸೋಫಾದಲ್ಲಿದ್ದ.

"ನೀಲಕ್ಕಾ, ಟ್ರಿಪ್ ಹೇಗಾಯ್ತು? ಅಣ್ಣನೊಟ್ಟಿಗೆ ಫುಲ್ ಮಜಾ ಅಲ್ವಾ?"

"ದ್ವೀಪಗಳೆಲ್ಲ ಭಾರೀ ಚಂದ ಉಂಟು" ಎಂದಳು ನೀಲಾವತಿ. "ಇವರು ಎಲ್ಲಿ ಬಂದದ್ದು? ಇವರಿಗೆ ಡ್ಯೂಟಿ ಇತ್ತಲ್ಲ."

ಅವಳ ದನಿಯಲ್ಲಿ ಕೋಪವಿದ್ದಿದ್ದರೆ ದೇವಾನಂದ ಎದ್ದು ಹೋಗಿ ಜಗಳವಾದರೂ ಆಡಬಹುದಿತ್ತು. ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿದ್ದಳು, ಅಷ್ಟೇ.