ನಡುವೆ ನಿಂತ ಬಿಲ್ಡ್

ಮೊನ್ನೆ ಬನಹಟ್ಟಿಯ ಓಣಿಯಲ್ಲಿ ಗಂಜಿ ಹಚ್ಚಿದ ನೂಲಿನ ವಾಸನೆ ಬಡಿದದ್ದೇ ತಡ, ಕಾಲು ತಾನಾಗಿ ಮಹಾನಂದಾಳ ಅಂಗಡಿಯ ಮೆಟ್ಟಿಲು ಹತ್ತಿತು. ಒಂದು ಕಾಲಕ್ಕೆ ಅದು ನಮ್ಮಿಬ್ಬರದು. ಕೆಳಗೆ ಸಾವುಕಾರರ ವಿದ್ಯುತ್ ಮಗ್ಗಗಳು, ಮೇಲೆ ನಮ್ಮ ಕಂಪ್ಯೂಟರು. ಸೀರೆಯಂಚಿನ ಚಿತ್ರವನ್ನು ಮಗ್ಗಕ್ಕೆ ತಿಳಿಯುವಂತೆ ಮಾಡುವ ಸಾಫ್ಟ್‌ವೇರ್ ನಮ್ಮ ಕಸುಬು.

ಸಾವುಕಾರರು ಏನಾದರೂ ಬದಲಾವಣೆ ಹೇಳಿದರೆ ನಾವು ಬರೆದ ನೂರಾರು ಕಡತಗಳನ್ನು ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ತಂದು, ಜೋಡಿಸಿ, ಪ್ರೋಗ್ರಾಮನ್ನು ಮತ್ತೆ ಕಟ್ಟಬೇಕು. ಅದಕ್ಕೇ ಬಿಲ್ಡ್ ಎನ್ನುವುದು. ಅದು ಮುಗಿಯುವುದರೊಳಗೆ ಕರೆಂಟು ಹೋಗಿರುತ್ತಿತ್ತು. ನಾನೋ ಅವಸರದ ಆಸಾಮಿ. ನಾಲ್ಕು ಕಡತ ಒಟ್ಟಿಗೇ ಕಂಪೈಲ್ ಆಗುವಂತೆ, ಬದಲಾಗದ್ದನ್ನು ಮುಟ್ಟದಂತೆ ಏರ್ಪಾಡು ಮಾಡಿ, ಇಲ್ಲದ ಮೀಸೆ ತಿರುವಿದೆ. ಕರೆಂಟು ಹೋದಾಗ ನಾಲ್ಕೂ ಅರ್ಧಂಬರ್ಧ ಉಳಿಯುತ್ತಿದ್ದವು. ಬಂದಾಗ ಬಿಲ್ಡ್ ಅವುಗಳ ಮೇಲಿನ ವೇಳೆಯ ಗುರುತು ನೋಡಿ, ಈಗಷ್ಟೇ ಆಗಿವೆಯೆಂದು ನಂಬಿ ಮುಂದೆ ಹೋಗುತ್ತಿತ್ತು. ಸೀರೆಯಂಚಿನ ಗಿಳಿಗಳಿಗೆ ಕತ್ತೇ ಇರುತ್ತಿರಲಿಲ್ಲ.

"ಇನ್ನೊಮ್ಮೆ ಹಿಂಗಾದ್ರ ಜಾಗಾ ಖಾಲಿ ಮಾಡ್ರಿ" ಎಂದರು ಸಾವುಕಾರರು. ಅಂಗಡಿ ಮುಚ್ಚಿದರೆ ನನಗೆ ಜಮಖಂಡಿಯಲ್ಲಿ ಪಾಠ ಹೇಳುವ ಕೆಲಸವಿತ್ತು. ಮಹಾನಂದಾಳಿಗೆ ಇದ್ದದ್ದು ಬೀಳಗಿಯಲ್ಲಿ ಅಣ್ಣನ ಕಿರಾಣಿ ಅಂಗಡಿಯ ತಕ್ಕಡಿ. ಅದು ಅವಳಿಗೆ ಸುತರಾಂ ಬೇಕಿರಲಿಲ್ಲ.

ಅವಳು ನೇಕಾರರ ಮನೆಯವಳು. "ನಿಂತ ಮಗ್ಗಾ ಹಂಗ ಚಾಲೂ ಮಾಡ್ತಾರೇನ್ರಿ? ನಾಕ ಎಳಿ ಬಿಚ್ಚಿ ಮಾಡ್ತಾರ" ಎಂದಳು. ಪೂರ್ತಿಯಾಗುವ ತನಕ ಕಡತಕ್ಕೆ ಬೇರೆ ಹೆಸರು, ನಡುವೆ ನಿಂತರೆ ಅಳಿಸಿ ಮೊದಲಿಂದ ಶುರು, ಹೀಗೆ ಬಿಲ್ಡನ್ನು ತಿದ್ದಿದಳು. ಆದ ಕೆಲಸ ಕೆಡಿಸುವುದೇಕೆ ಎಂದು ನಾನು ರೇಗಿದೆ.

"ಅದು ಆಗಿಲ್ಲಲ್ಲರಿ" ಎಂದಳು.

ಸಾವುಕಾರರಿಗೆ ತೋರಿಸುವ ದಿನ ಬಿಲ್ಡ್ ನಡೆದಿರುವಾಗಲೇ ಹೋಗಿ ಬಾಗಿಲ ಪಕ್ಕದ ದೊಡ್ಡ ಸ್ವಿಚ್ಚು ಎಳೆದಳು. ನಮ್ಮದರ ಜೊತೆ ಕೆಳಗಿನ ಮಗ್ಗಗಳೂ ನಿಂತವು. ಸಾವುಕಾರರ ಮುಖ ಕೆಂಪಾಯಿತು. ಅವಳು ಸ್ವಿಚ್ಚು ಹಾಕಿ, ಅವರನ್ನು ಮೆಟ್ಟಿಲ ಬಳಿಗೆ ಕರೆದು ಕೆಳಗೆ ತೋರಿಸಿದಳು. ಒಬ್ಬೊಬ್ಬ ನೇಕಾರನೂ ಮಗ್ಗದ ಮೇಲೆ ಬಾಗಿ ಎಳೆ ಬಿಚ್ಚುತ್ತಿದ್ದ.

"ನಮ್ಮ ಯಂತ್ರಾನೂ ಈಗ ಇದನ್ನ ಮಾಡಾಕತ್ತೈತ್ರಿ."

ಅವರು ಕಡೆಯ ಮಗ್ಗ ಮತ್ತೆ ಚಾಲೂ ಆಗುವ ತನಕ ನೋಡಿದರು. ಸಂಜೆಯ ಸೀರೆಯಲ್ಲಿ ಗಿಳಿಗಳಿಗೆ ಕತ್ತು ಬಂದಿತ್ತು. "ಇರ್ರಿ ಹಂಗಾರ" ಎಂದರು.

ಮುಂದೆ ನಾನು ಜಮಖಂಡಿಗೇ ಹೋದೆ, ಅಂಗಡಿ ಅವಳದಾಯಿತು. ಗಾಬರಿಯಲ್ಲಿ ತಪ್ಪು ಸ್ವಿಚ್ಚು ಎಳೆದು ಗೆದ್ದವಳೆಂದು ಸಿಕ್ಕಾಗಲೆಲ್ಲ ಕಾಡಿಸುತ್ತ ಬಂದಿದ್ದೇನೆ. ಮೊನ್ನೆಯೂ ಕಾಡಿಸಿದೆ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಮ್ಮ ಸ್ವಿಚ್ಚು ನಿಮ್ಮ ಕುರ್ಚಿ ಹಿಂದ ಇತ್ತಲ್ಲರಿ. ದಿನಾ ಮುಂಜಾನೆ ಹಾಕಾಕಿ ನಾನ" ಎಂದಳು.

ಇಷ್ಟು ವರ್ಷ ನಕ್ಕವನಿಗೆ ಈ ಸಲ ನಗು ಬರಲಿಲ್ಲ. ಮಗ್ಗಗಳೂ ನಿಲ್ಲಲೆಂದೇ ಅವಳು ಆ ಸ್ವಿಚ್ಚು ಎಳೆದಿದ್ದಳು. ಅವಳ ಬಗ್ಗೆ ಬಹಳ ಹೆಮ್ಮೆಯಾಯಿತು. ಅವಳು ಕೊಟ್ಟ ಚಹಾ ಕುಡಿದು ಇಳಿದು ಬಂದೆ.